ಪಿಂಕಿ ಸೈಕಲ್ಲಿಗೆ ಲಿಂಬಿಹಣ್ಣು

ರೀ,

ಅವಲಕ್ಕಿ ಮುಚ್ಚಿಟ್ಟೀನಿ, ತಿನ್ರಿ. ಖಂಡೇಪೂಜಿಗೆ ನಿಮ್ಮ ಸ್ಕೂಟರ್ ತೊಳದೀನಿ. ಪಿಂಕಿ ರೇಸ್ ಸೈಕಲ್ ಮಾತ್ರ ನೀವ ತೊಳೀರಿ, ನನ್ನ ಕೈ ಮುಂದ ಹೋಗಲಿಲ್ಲ.

ಅದಕ್ಕ ಚೆಂಡುಹೂವಿನ ಹಾರ ಹಾಕ್ರಿ. ಹೋದ ವರ್ಷ ಪಿಂಕಿ "ಹಾರ ಗಾಳಿ ತಡೀತೈತಿ ಅವ್ವಾ" ಅಂತ ತಗದು ನನ್ನ ಕೊರಳಿಗೇ ಹಾಕಿದ್ಲು. ಆ ಜ್ವರದಾಗ ದೇವರು ಅಕೀನ್ನ ಕರಕೊಳ್ಳದಿದ್ರ ಈ ಸಲಾನೂ ಹಂಗ ಮಾಡತಿದ್ಲು.

ಇವತ್ತ ಸೈಕಲ್ ಕೊಳ್ಳಾಕ ಬರೋ ಹುಡುಗಿ, ಇಷ್ಟು ರೊಕ್ಕ ಕೊಡೂವಂಥಾದ್ದು ಏನೈತಿ ಅಂತ ಕೇಳಿದ್ರ ನನ್ನ ಮಾತು ಹೇಳಬ್ಯಾಡ್ರಿ. ಪುಗಸಟ್ಟೆ ಗಾಳಿ ಸೀಳಾಕ ಲಕ್ಷಗಟ್ಟಲೆ ಯಾಕ ಅಂದಾಕಿ ನಾನು. ಪಿಂಕಿ ಮಾತು ಹೇಳ್ರಿ: ಮೆಹದಿಪಟ್ಟಣಂ ಟ್ರಾಫಿಕ್ ಗದ್ದಲದಾಗ ದಂಡ, ಖುಲ್ಲಾ ರಸ್ತೇದಾಗ ಎದುರುಗಾಳಿ ಬಂದ್ರ ಪ್ರತಿ ರೂಪಾಯಿ ವಸೂಲ್.

ಗಾಲಿ ಕೆಳಗ ಲಿಂಬಿಹಣ್ಣು ಇಡ್ರಿ. ಆ ಸೈಕಲ್ಲಿಗೆ ತನ್ನ ಭಾರ ಅಂತ ಇಲ್ಲ, ಹಣ್ಣು ಒಡೆಯೂದಿಲ್ಲ. ಹೋದ ವರ್ಷ ಪಿಂಕಿ ನಕ್ಕೋತ ಹತ್ತಿ ಕುಂತ ಮ್ಯಾಲೇ ಒಡದಿತ್ತು. ಈ ಸಲ ಆ ಹುಡುಗೀನ್ನ ಹತ್ತಿಸ್ರಿ. ಅಕೀನೂ ಯಾರೋ ಹಡದ ಮಗಳು, ಸುಖವಾಗಿ ಮನಿ ಮುಟ್ಟಲಿ.

ಆ ಹಣ್ಣು ಒಡದ ಸಪ್ಪಳ ನನಗ ಕೇಳೂದು ಬ್ಯಾಡ. ಅದಕ್ಕ ಹನುಮಪ್ಪನ ಗುಡಿಗೆ ಹೊಂಟೀನಿ.

ಗಿರಿಜಾ