ಒರೆಸಿದ ಅಂಕಿ

ಮೇಷ್ಟ್ರೇ,

ನಿಮ್ಮ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ನೀವು ತೀರಿಕೊಂಡ ಮೇಲೆ ಈ ಸೈದ್ಧಾಂತಿಕ ರಸಾಯನಶಾಸ್ತ್ರದ ಗುಂಪಿಗೆ ನಾನೇ ಮುಖ್ಯಸ್ಥ. ಪ್ರಯೋಗಾಲಯದವರು ಅಣುವನ್ನು ಅಳೆಯುವ ಮೊದಲೇ ನಮ್ಮ ಲೆಕ್ಕದ ಅಂಕಿ ಬೋರ್ಡಿನ ಮೇಲಿರಬೇಕು, ಆಮೇಲೆ ಅದನ್ನು ಯಾರೂ ಮುಟ್ಟಬಾರದು ಎಂಬ ನಿಮ್ಮ ಪದ್ಧತಿ ನಿನ್ನೆಯವರೆಗೂ ನಡೆದಿತ್ತು.

ಇವತ್ತು ಅವರ ಅಳತೆ ಕಾರಿಡಾರಿನಲ್ಲೇ ನನ್ನ ಕಿವಿಗೆ ಬಿತ್ತು. ಒಳಗೆ ಬಂದವನು, ನನ್ನ ವಿದ್ಯಾರ್ಥಿನಿ ಬರೆದಿದ್ದ ಅಂಕಿಯನ್ನು ಒರೆಸಿ, ಅವರದಕ್ಕೆ ಹತ್ತಿರವಾದದ್ದನ್ನು ಬರೆದೆ.

“ಕಣಿ ಹೇಳ್ತೀರೇನ್ರೀ ನೀವು?” ಎಂದು ನಗುತ್ತಾ, ಅಳತೆ ಹಿಡಿದು ಬಂದ ಪ್ರಯೋಗಾಲಯದವರು ನನ್ನ ಕೈ ಕುಲುಕಿದರು. ಹುಡುಗಿ ಬೋರ್ಡು ನೋಡಿದಳು, ಸೀಮೆಸುಣ್ಣ ಮೆತ್ತಿದ್ದ ನನ್ನ ತೋಳು ನೋಡಿದಳು.

ಸಂಜೆ ಮುಂದಿನ ಲೆಕ್ಕದ ಅಂಕಿ ಬರೆಯಲು ಅವಳಿಗೆ ಸೀಮೆಸುಣ್ಣ ಕೊಡಹೋದೆ. ಅವಳು ಕೈ ಚಾಚಲಿಲ್ಲ.

“ಅವರ ಅಳತೆ ಬರಲಿ ಬಿಡಿ ಸಾರ್,” ಅಂದಳು. “ಆಮೇಲೆ ಬರೆಯೋಣ.”