ನಿನಗೆ ತಲೆನೋವು ಬಂದ ಸಂಜೆ

ಪೇರ್‌ಲ್ಯಾಂಡ್
ಅಕ್ಟೋಬರ್ 6, 2025

ಪ್ರಿಯ ಉಷಾ,

ಇಲ್ಲಿ ಎಲ್ಲ ಸರಿಯಾಗಿದೆ. ಕರಿಬೇವಿನ ಗಿಡ ಚಿಗುರಿದೆ, ನಾನೂ ಆರಾಮ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿರುತ್ತೀಯ. ಮೊಮ್ಮಗ ಆಶ್ರಿತ್ "ಹಾಯ್ ತಾತಾ, ಬೈ ತಾತಾ" ಎಂದು ಒಂದೇ ಉಸಿರಿಗೆ ಮುಗಿಸುತ್ತಾನೆ, ಸುಚೇತಾ ಅಡುಗೆಮನೆಯಿಂದಲೇ "ಅಪ್ಪಾ, ಊಟ ಆಯ್ತಾ?" ಎಂದು ಕೂಗುತ್ತಾಳೆ. ಅಷ್ಟರಲ್ಲಿ ನನ್ನ ಮಾತು ಆರಿಹೋಗಿರುತ್ತದೆ.

ಶನಿವಾರ ಆಸ್ಟಿನ್‌ಗೆ ಹೋಗಿದ್ದೆ, ಆಫೀಸಿನ ಕೆಲಸ. ಸಂಜೆ ಹೋಟೆಲಿನ ಗೋಡೆ ನೋಡುತ್ತ ಕೂರುವುದೇಕೆ ಎಂದು ಒಂದು ತಿರುಗಾಟಕ್ಕೆ ಸೇರಿಕೊಂಡೆ. ಊರಿನಲ್ಲಿರುವ ಜಪಾನೀ ಪಬ್ಬುಗಳನ್ನು ಗೈಡ್ ಒಬ್ಬಳು ಒಂದೊಂದಾಗಿ ಸುತ್ತಿಸುತ್ತಾಳೆ. ಹುಬ್ಬು ಏರಿಸಬೇಡ, ನಾನು ಕೇಳಿದ್ದು ಹುರಿದ ಬಾರ್ಲಿಯ ಚಹಾ.

ಇಬ್ಬರಿಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ ಎಂದಿತು ವೆಬ್‌ಸೈಟು. ಎರಡು ಒತ್ತಿದೆ. ಗೈಡ್ ಕೆಯ್ಕೊ, ನಮ್ಮ ಸುಚೇತಾ ವಯಸ್ಸಿನವಳು, ಇನ್ನೊಬ್ಬರೆಲ್ಲಿ ಎಂದು ಬಾಗಿಲಲ್ಲೇ ಕೇಳಿದಳು. ಯಾರೂ ಇಲ್ಲ ಎನ್ನಲು ಬಾಯಿ ತೆರೆದೆ. ಹೆಂಡತಿಗೆ ತಲೆನೋವು, ಹೋಟೆಲಿನಲ್ಲಿ ಮಲಗಿದ್ದಾಳೆ ಎಂಬ ಮಾತು ಹೊರಬಿತ್ತು.

ಬಿತ್ತಿದ ಸುಳ್ಳು ಮಳೆಗೆ ಕಾಯುವುದಿಲ್ಲ. ಮೊದಲ ಪಬ್ಬಿನಲ್ಲೇ ನನ್ನ ಪಕ್ಕದ ಸ್ಟೂಲನ್ನು ನಿನಗೆಂದು ಬಿಟ್ಟು, ಮುಂದೆ ಪುಟ್ಟ ಬಟ್ಟಲೊಂದನ್ನು ಇಟ್ಟರು. ಅವರಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವಂತಿಲ್ಲ, ಪಕ್ಕದವರು ತುಂಬಬೇಕು. ನಮ್ಮ ಪಂಕ್ತಿಯಲ್ಲಿ ತಾನೇ ಬಡಿಸಿಕೊಂಡರೆ ನಗುವುದಿಲ್ಲವೇ, ಹಾಗೆ. ಲಬ್ಬಕ್‌ನಿಂದ ಈ ತಿರುಗಾಟಕ್ಕೆ ಬಂದಿದ್ದ ಡೋರಿಸ್ ಎಂಬ ಅಜ್ಜಿ ನನಗೆ ಚಹಾ ತುಂಬಿದಳು. ಆಮೇಲೆ, ಪಾಪ, ಅವಳದ್ಯಾಕೆ ಒಣಗಿರಬೇಕು ಎನ್ನುತ್ತ ನಿನ್ನ ಬಟ್ಟಲಿಗೆ ಸಾಕೆ ತುಂಬಿದಳು, ಅಕ್ಕಿಯ ಮದ್ಯ. ಚೆಲ್ಲಬಾರದೆಂದು ನಾನೇ ಕುಡಿದೆ. ಲೆಕ್ಕಕ್ಕೆ ಕುಡಿದವಳು ನೀನು.

ಎರಡನೆಯ ಕಡೆ ಉಪ್ಪು ಹಾಕಿ ಬೇಯಿಸಿದ ಸೋಯಾ ಕಾಯಿ ಕೊಟ್ಟರು, ಥೇಟ್ ನಮ್ಮ ತೊಗರಿಕಾಯಿ. ಡೋರಿಸ್ ನಿನ್ನ ಬಗ್ಗೆ ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ನೀನು ಸಿಪ್ಪೆಯನ್ನೆಲ್ಲ ನನ್ನ ತಟ್ಟೆಗೆ ಹಾಕುವುದು, ಸಿನಿಮಾದ ಕೊನೆಯನ್ನು ಮೊದಲೇ ಹೇಳಿಬಿಡುವುದು. ಹೆಂಗಸು ಬಿದ್ದು ಬಿದ್ದು ನಕ್ಕಳು. ಸುಚೇತಾಳ ಬಾಣಂತನಕ್ಕೆಂದು ಡಲ್ಲಾಸಿನ ಪಕ್ಕದ ಕ್ಯಾರಲ್ಟನ್‌ಗೆ ಹೋದವಳು, ಆ ಮಗು ಸ್ಕೂಲ್ ಬಸ್ ಹತ್ತುತ್ತಿದ್ದರೂ ಮನೆಗೆ ಬಂದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಜಗಳವಾಗಿದ್ದರೆ ಹೇಳಬಹುದಿತ್ತು. ನಮ್ಮದು ಜಗಳವೂ ಅಲ್ಲವಲ್ಲ.

ಕೊನೆಯ ಪಬ್ಬಿನ ಅಡುಗೆಯವನು ಕೆಂಡದ ಮೇಲೆ ಸುಟ್ಟ ಅನ್ನದ ಉಂಡೆಗಳನ್ನು ನಿನಗೆಂದು ಕಟ್ಟಿಕೊಟ್ಟ. ಮೀನು ಸೋಕಿಸಿಲ್ಲ ಎಂದು ಆಣೆ ಇಟ್ಟಂತೆ ಹೇಳಿದ. ತಾನೇ ಮೇಲೆ ಬಂದು ಕೊಡುತ್ತೇನೆ, ಹೇಗಿದ್ದಾರೆ ನೋಡುತ್ತೇನೆ ಎಂದು ಕೆಯ್ಕೊ ಹೋಟೆಲಿನ ಲಿಫ್ಟಿನವರೆಗೂ ಬಂದಳು. ನಿದ್ದೆ ಹತ್ತಿರುತ್ತದೆ ಎಂದೆ. ಹಾಗಾದರೆ ಎಬ್ಬಿಸಬೇಡಿ ಎಂದು ಪಿಸುಗುಟ್ಟಿ, ಆ ದೊಡ್ಡ ಲಾಬಿಯಲ್ಲಿ ತುದಿಗಾಲಿನಲ್ಲಿ ನಡೆದು ಹೋದಳು.

ನಾನೂ ಸದ್ದಾಗದಂತೆ ಬಾಗಿಲು ತೆರೆದೆ ಉಷಾ. ದೀಪ ಹಾಕಲಿಲ್ಲ. ಒಂದು ಉಂಡೆ ತಿಂದು, ಇನ್ನೊಂದನ್ನು ತಟ್ಟೆ ಮುಚ್ಚಿ ಇಟ್ಟೆ. ಬೆಳಿಗ್ಗೆ ನೋಡಿದರೆ ಇಟ್ಟಲ್ಲೇ ಇತ್ತು.

ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಆಶ್ರಿತ್‌ಗೆ ಮುತ್ತು.

ನಿನ್ನ,
ವೆಂಕಟಗಿರಿ

ಮರೆತಿದ್ದೆ: ಆಸ್ಟಿನ್‌ನಲ್ಲಿ ಆಫೀಸಿನ ಕೆಲಸ ಏನೂ ಇರಲಿಲ್ಲ. ಬರುವ ಶನಿವಾರ ಕೆಯ್ಕೊ ಇದೇ ತಿರುಗಾಟವನ್ನು ಡಲ್ಲಾಸಿನಲ್ಲಿ ಮಾಡಿಸುತ್ತಾಳೆ. ನಿನ್ನ ತಲೆನೋವು ವಾಸಿಯಾಯಿತೆಂದು ಕೆಯ್ಕೊಗೆ ಹೇಳಿಬಿಟ್ಟಿದ್ದೇನೆ. ಸಂಜೆ ಸುಚೇತಾಳ ಮನೆಯ ಮುಂದೆ ಕಾರು ನಿಲ್ಲಿಸಿರುತ್ತೇನೆ, ಹಾರ್ನ್ ಮಾಡುವುದಿಲ್ಲ. ನಿನ್ನ ಬಟ್ಟಲು ನಾನು ತುಂಬುತ್ತೇನೆ, ಬಾರ್ಲಿ ಚಹಾವೇ. ಮುಗಿದ ಮೇಲೆ ಕಾರು ಕ್ಯಾರಲ್ಟನ್‌ಗೋ ಪೇರ್‌ಲ್ಯಾಂಡ್‌ಗೋ, ನೀನೇ ಹೇಳು.