ಅಪ್ಪನಿಗೆ ಕೆಲಸವಿಲ್ಲದ ಎರಡು ವರ್ಷ

ಮಣಿನಗರ, ಅಹಮದಾಬಾದು
14 ನವೆಂಬರ್ 1966

ಚಿ. ಸೌ. ರಮಾಮಣಿಗೆ ಅಮ್ಮನ ಆಶೀರ್ವಾದ.

ಅಪ್ಪ ಯಾಕೆ ಕಾಗದ ಬರೆಯುತ್ತಿಲ್ಲ ಎಂದು ಮೂರು ಸಲ ಕೇಳಿದ್ದೀಯೆ. ಪುರುಸೊತ್ತಿಲ್ಲ ಎಂದು ಬರೆದಿದ್ದೆ. ಸುಳ್ಳು. ರಿಟೈರಾಗಿ ಎರಡು ವರ್ಷವಾದವರಿಗೆ ಪುರುಸೊತ್ತಲ್ಲದೆ ಮತ್ತೇನಿದೆ? ಬರೆಯಲು ಕೂತರೆ ಎರಡನೇ ಸಾಲಿಗೆ ಬರುವಷ್ಟರಲ್ಲಿ ಏನು ಬರೆಯಬೇಕೆಂದಿದ್ದರೋ ಅದೇ ಮರೆತುಹೋಗುತ್ತದೆ.

ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಕಿವಿಗೆ ಫೋನು ಒತ್ತಿಕೊಂಡು, ಬರೋಡದಿಂದ ಹೊರಟ ಗೂಡ್ಸು ಎಲ್ಲಿ ನಿಂತಿದೆ, ಯಾವ ಗಾಡಿಯನ್ನು ಮೊದಲು ಬಿಡಬೇಕು ಎಂದು ಪುಸ್ತಕ ನೋಡದೆ ಹೇಳುತ್ತಿದ್ದವರು. ಈಗ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ "ಕಾಫಿ ಆಯ್ತಾ?" ಅನ್ನುತ್ತಾರೆ. ಮೊದಮೊದಲು ತಮಾಷೆ ಅಂದುಕೊಂಡೆ. ಈಗ ರೇಗುತ್ತೇನೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅಳುತ್ತೇನೆ.

ಕಳೆದ ಗುರುವಾರ ತರಕಾರಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ಮಾಧವ ಕರೆತಂದ. ಚೀಲ ಹಿಡಿದುಕೊಂಡೇ ಆಫೀಸಿಗೆ ಹೋಗಿ, "ನನ್ನ ಡ್ಯೂಟಿ ಶುರುವಾಯ್ತು, ಏಳಪ್ಪ" ಅಂದರಂತೆ. ಮಾಧವ ಎದ್ದು ಕುರ್ಚಿ ಬಿಟ್ಟುಕೊಟ್ಟನಂತೆ. ಇವರು ಫೋನು ಕಿವಿಗಿಟ್ಟುಕೊಂಡು, ಏನು ಹೇಳಬೇಕೆಂದು ತೋಚದೆ ಸುಮ್ಮನೆ ಕೂತುಬಿಟ್ಟರಂತೆ. ಅದನ್ನು ಹೇಳುವಾಗ ಹುಡುಗ ನನ್ನ ಮುಖ ನೋಡಲಿಲ್ಲ.

"ಮೈಯಲ್ಲಿ ಏನೂ ದೋಷವಿಲ್ಲ. ಅಷ್ಟು ವರ್ಷ ದುಡಿದ ತಲೆ ಒಮ್ಮೆಲೇ ಸುಮ್ಮನಾದರೆ ಕೆಲವರಿಗೆ ಹೀಗಾಗುತ್ತದೆ, ಏನಾದರೂ ಕೆಲಸ ಕೊಡಿ" ಎಂದರು ಡಾಕ್ಟರು. ಯಾವ ಕೆಲಸ ಕೊಡಲಿ? ರೇಷನ್ ಕ್ಯೂನಲ್ಲಿ ನಿಲ್ಲಿಸಿದರೆ ಚೀಲ ಬಿಟ್ಟು ಬರುತ್ತಾರೆ. ಅಕ್ಕಿ ಆರಿಸಲು ಕೊಟ್ಟರೆ ಆರಿಸಿದ್ದನ್ನೂ ಆರಿಸದ್ದನ್ನೂ ಒಂದೇ ಮಾಡಿಡುತ್ತಾರೆ. ತಡೆಯಲಾರದೆ ಮೊರ ಕಿತ್ತುಕೊಂಡು ನಾನೇ ಮಾಡುತ್ತೇನೆ. ತಪ್ಪು ಎಂದು ಗೊತ್ತು. ಆದರೆ ನನಗೂ ಐವತ್ತೈದಾಯಿತು ರಮಾ. ನನಗೆ ಯಾರು ರಿಟೈರ್‌ಮೆಂಟ್ ಕೊಡುತ್ತಾರೆ?

ಮೈಸೂರಿಗೆ ಬಂದುಬಿಡಿ ಅನ್ನುತ್ತೀಯೆ. ಬರುವುದಿಲ್ಲ. ಇಲ್ಲಿ ದಾರಿ ತಪ್ಪಿದರೆ ಗುರುತು ಹಿಡಿದು ಕರೆತರುವವರಾದರೂ ಇದ್ದಾರೆ. ನೀನೇ ಬಂದು ಹದಿನೈದು ದಿನ ಇದ್ದು ಹೋಗು. ಅವರು ನಿನ್ನ ಹೆಸರು ಹಿಡಿದು ಕರೆಯುವಾಗಲೇ ಬಾ.

ನಿನ್ನ ಅಮ್ಮ,
ನಾಗವೇಣಿ

ತಾ.ಕ.: ನಿನಗೂ ಹೇಳದ್ದು ಒಂದಿದೆ. ಅವರು ರಿಟೈರಾದ ತಿಂಗಳೇ ಉಧ್ನಾದ ಒಂದು ಬಟ್ಟೆ ಮಿಲ್ಲಿನವರು, ಸರಕಿನ ವ್ಯಾಗನ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬನ್ನಿ ಎಂದು ಬರೆದಿದ್ದರು. ಇನ್ನಾದರೂ ನನ್ನ ಜೊತೆ ಮನೆಯಲ್ಲಿರಲಿ ಎಂದು ಆ ಕಾಗದವನ್ನು ಸೀರೆಗಳ ಕೆಳಗೆ ಬಚ್ಚಿಟ್ಟೆ. ನಿನ್ನೆ ತೆಗೆದು ಅವರ ಕೈಗಿಟ್ಟೆ. ಬೈಯಲಿ ಎಂದು ಎದುರಿಗೇ ನಿಂತೆ. ಎರಡು ಸಲ ಓದಿದರು. "ಒಳ್ಳೇ ಕೆಲಸ ಕಣೇ. ಯಾರಿಗೆ ಬಂದಿರೋದು?" ಎಂದು ಕೇಳಿದರು.